ಹಳೆಮನೆಯ ಸಾಮಾನು: ಕೊಳ್ಳುವ ಮುನ್ನ ಒಂದು ಆಯಸ್ಕಾಂತ, ಒಂದು ತಕ್ಕಡಿ

ಸಂಡೂರು ತಾಲ್ಲೂಕಿನ ಬಂಡ್ರಿಯಂಥ ಊರಿನಲ್ಲಿ ಹಳೆಯ ಮಾಳಿಗೆ ಮನೆಯೊಂದು ಖಾಲಿಯಾಗುವ ರೀತಿ ಹೆಚ್ಚುಕಡಿಮೆ ಒಂದೇ. ಮನೆಯ ಹಿರಿಯ ಜೀವ ಹೋಗಿರುತ್ತದೆ. ಮಕ್ಕಳಲ್ಲಿ ಒಬ್ಬ ಬೆಂಗಳೂರಿನಲ್ಲಿ, ಇನ್ನೊಬ್ಬ ಬಳ್ಳಾರಿಯಲ್ಲಿ, ಮಗಳು ಹೊಸಪೇಟೆಯಲ್ಲಿ. ದಿನಕರ್ಮ ಮುಗಿದ ಮೇಲೆ ಅವರಿಗೆ ಉಳಿಯುವುದು ಎರಡೇ ದಿನದ ರಜೆ. ಆ ಎರಡು ದಿನದಲ್ಲಿ ಅರವತ್ತು ವರ್ಷದ ಸಂಸಾರವನ್ನು ಹಂಚಬೇಕು, ಮಾರಬೇಕು, ಇಲ್ಲವೇ ತಿಪ್ಪೆಗೆ ಹಾಕಬೇಕು. ಪಡಸಾಲೆಯಲ್ಲಿ ಹಂಡೆ, ಕೊಡ, ಗಂಗಾಳ, ತಂಬಿಗೆಗಳ ರಾಶಿ ಬೀಳುತ್ತದೆ. ಗುಜರಿಯವನ ತಳ್ಳುಗಾಡಿ ಬಾಗಿಲಿಗೆ ಬರುತ್ತದೆ. ತಕ್ಕಡಿಯ ಕೊಕ್ಕೆಗೆ ಹಂಡೆ ನೇತು ಬೀಳುತ್ತದೆ. ಕಿಲೋಗೆ ಇಷ್ಟು ಎಂದಾಯಿತು, ಮುಗಿಯಿತು!

ಅದೇ ಓಣಿಯಲ್ಲಿ ನಾಲ್ಕು ಮನೆ ಆಚೆ ಮಗಳ ಮದುವೆಗೆಂದು ಹೊಸ ಪಾತ್ರೆ ಕೊಳ್ಳಲು ಹೊಸಪೇಟೆಗೆ ಹೊರಟ ತಾಯಿಯಿರುತ್ತಾಳೆ. ಕಾಲೇಜು ಸೇರಿದ ಮಗನಿಗೆ ಓದಲು ಮೇಜು ಬೇಕೆನ್ನುವ ತಂದೆಯಿರುತ್ತಾನೆ. ಅವರು ಒಮ್ಮೆ ಆ ಪಡಸಾಲೆಗೆ ಬಂದು ಹೋಗಿದ್ದರೆ ಮಾರುವವರಿಗೆ ನಾಲ್ಕು ಕಾಸು ಹೆಚ್ಚು ಸಿಗುತ್ತಿತ್ತು, ಕೊಳ್ಳುವವರಿಗೆ ನಾಲ್ಕು ಕಾಸು ಉಳಿಯುತ್ತಿತ್ತು. ಹಂಡೆಯೂ ಕುಲುಮೆಗೆ ಹೋಗುವ ಬದಲು ಹಂಡೆಯಾಗಿಯೇ ಉಳಿಯುತ್ತಿತ್ತು. ಹೋಗದಿರಲು ಎರಡು ಕಾರಣಗಳುಂಟು. ಸತ್ತವರ ಮನೆಯ ಸಾಮಾನು ಎಂಬ ಸಂಕೋಚ ಮೊದಲನೆಯದು. ಎರಡನೆಯದು ಮೋಸ ಹೋದೇವೆಂಬ ಭಯ. ಸಂಕೋಚ ಅವರವರ ಮನಸ್ಸಿಗೆ ಬಿಟ್ಟದ್ದು. ಭಯಕ್ಕೆ ಮಾತ್ರ ಶಾಲೆಯ ವಿಜ್ಞಾನ ಪುಸ್ತಕದಲ್ಲೇ ಮದ್ದಿದೆ.

ಅಮೆರಿಕದಲ್ಲಿ ಇಂಥ ಮಾರಾಟ ಒಂದು ಕಸುಬಾಗಿಯೇ ಬೆಳೆದಿದೆ. ಹಿರಿಯರು ತೀರಿಕೊಂಡಾಗ ಅಥವಾ ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುವಾಗ ಅದಕ್ಕೆಂದೇ ಇರುವ ಕಂಪನಿಯವರು ಬರುತ್ತಾರೆ. ಚಮಚದಿಂದ ಮಂಚದವರೆಗೆ ಪ್ರತಿಯೊಂದಕ್ಕೂ ಬೆಲೆ ಚೀಟಿ ಅಂಟಿಸಿ, ಎರಡು ಮೂರು ದಿನ ಮನೆಯ ಬಾಗಿಲನ್ನು ಸಾರ್ವಜನಿಕರಿಗೆ ತೆರೆದಿಡುತ್ತಾರೆ. ಮೊದಲ ದಿನ ಬಂದವರಿಗೆ ಒಳ್ಳೆಯ ವಸ್ತು, ಕೊನೆಯ ದಿನ ಬಂದವರಿಗೆ ಅರ್ಧ ಬೆಲೆ. ನಮ್ಮಲ್ಲಿ ಚೀಟಿಯೂ ಇಲ್ಲ, ಕಂಪನಿಯೂ ಇಲ್ಲ. ಬೆಲೆ ಹೇಳುವವನು ಗುಜರಿಯವನೇ. ಅವನಿಗೆ ಗೊತ್ತಿರುವುದು ಒಂದೇ ಬೆಲೆ, ತೂಕದ ಬೆಲೆ.

ತೂಕದ ಬೆಲೆಗೆ ಮಾರಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ ಚರಿತ್ರೆಯಲ್ಲೇ ದೊಡ್ಡ ಉದಾಹರಣೆಯಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಅರಮನೆಯ ಸೊತ್ತನ್ನು ಸೈನ್ಯಕ್ಕೆ ಹಂಚಲು ಇಂಗ್ಲಿಷರು ಒಂದು ಸಮಿತಿ ಮಾಡಿದರು. ಮರದ ಮೇಲೆ ಚಿನ್ನದ ತಗಡು ಹೊದಿಸಿದ್ದ ಸಿಂಹಾಸನ ಇಡಿಯಾಗಿ ಒಬ್ಬರ ಪಾಲಿಗೆ ಹಂಚುವಂಥದ್ದಲ್ಲವೆಂದು ಅದನ್ನು ಒಡೆದು ತುಂಡು ಮಾಡಲಾಯಿತು. ಅದರ ಹುಲಿತಲೆಗಳು ಇಂದು ಬ್ರಿಟನ್ನಿನಲ್ಲಿ ಒಂದೊಂದು ಒಂದೊಂದು ಕಡೆ ಇವೆ. ಸಿಂಹಾಸನ ಹೇಗಿತ್ತೆಂದು ತಿಳಿಯಲು ಈಗ ಹಳೆಯ ಚಿತ್ರಗಳೇ ಗತಿ. ಅಲ್ಲಿಂದ ಹೋದ ಕೆಲವು ವಸ್ತುಗಳು ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲಿ ಎರಡು ಶತಮಾನ ಕಾಲ ಯಾರ ಗಮನಕ್ಕೂ ಬಾರದೆ ಬಿದ್ದಿದ್ದು, 2019ರಲ್ಲಿ ಹರಾಜಿಗೆ ಬಂದಾಗ ಒಂದು ಲಕ್ಷ ಪೌಂಡಿಗೂ ಮೀರಿ ಮಾರಾಟವಾದವು.

ಬಂಡ್ರಿಯ ಅಟ್ಟದಲ್ಲಿ ಟಿಪ್ಪುವಿನ ಖಡ್ಗ ಸಿಗುವುದಿಲ್ಲ. ಅಂಥದ್ದನ್ನು ಹುಡುಕಿಕೊಂಡು ಹೋಗುವವರು ಬರಿಗೈಯಲ್ಲಿ ಬರುತ್ತಾರೆ, ಅಥವಾ ಟೋಪಿ ಹಾಕಿಸಿಕೊಂಡು ಬರುತ್ತಾರೆ. ಅಲ್ಲಿ ಸಿಗುವುದು ತಾಮ್ರ, ಹಿತ್ತಾಳೆ, ಕಂಚು, ಸಾಗುವಾನಿ, ಒಂದು ಹೊಲಿಗೆ ಯಂತ್ರ, ಒಂದು ಕೈಗಡಿಯಾರ, ಒಂದಿಷ್ಟು ಪುಸ್ತಕ. ಇವೇ ಸಾಕಷ್ಟಾಯಿತು.

ಯಾವಾಗ ಹೋಗಬೇಕು?

ಸೂತಕದ ದಿನಗಳಲ್ಲಿ ಹೋಗಿ ಪಾತ್ರೆಯ ಬೆಲೆ ಕೇಳುವುದು ಮರ್ಯಾದೆಯಲ್ಲ. ಮನೆಯವರೇ ‘ಕೊಡುತ್ತೇವೆ’ ಎಂದ ಮೇಲೆ ಬೆಳಗಿನ ಹೊತ್ತು ಹೋಗಬೇಕು. ಬೆಳಕು ಬೇಕು, ಆಯ್ಕೆಯೂ ಬೇಕು. ಸಂಜೆಯ ಹೊತ್ತಿಗೆ ಮನೆಯವರಿಗೂ ಸಾಕಾಗಿರುತ್ತದೆ, ಬೆಲೆ ಇಳಿಯುತ್ತದೆ ನಿಜ. ಆದರೆ ಆಗ ಉಳಿದಿರುವುದು ಗುಜರಿಯವನೂ ಬೇಡವೆಂದದ್ದು.

ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ ಒಂದಿದೆ: ‘ಎಲ್ಲರೂ ಒಪ್ಪಿದ್ದಾರೇನಮ್ಮಾ?’ ಅಣ್ಣ ಮಾರಿದ್ದನ್ನು ತಂಗಿ ಬಂದು ವಾಪಸು ಕೇಳಿದ ಜಗಳಗಳು ಎಲ್ಲ ಊರಲ್ಲೂ ಇವೆ. ತಾಯಿಯ ತವರಿನಿಂದ ಬಂದ ಪಾತ್ರೆ ಮಗಳಿಗೆ ಸೇರಬೇಕೆಂಬ ಮಾತು ಮನೆಯೊಳಗೇ ಇರುತ್ತದೆ, ಹೊರಗಿನವರಿಗೆ ತಿಳಿಯುವುದಿಲ್ಲ. ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕೆಂದು ಕರ್ನಾಟಕ 1994ರಲ್ಲೇ ಕಾನೂನು ತಿದ್ದಿತು, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಆದರೂ ಹಂಡೆ ಮಾರುವಾಗ ಮಗಳನ್ನು ಕೇಳುವುದು ಇನ್ನೂ ಎಲ್ಲರಿಗೂ ರೂಢಿಯಾಗಿಲ್ಲ. ಕೊಂಡದ್ದು ದೊಡ್ಡ ವಸ್ತುವಾದರೆ ಒಂದು ಕಾಗದದಲ್ಲಿ ವಸ್ತು, ಬೆಲೆ, ತಾರೀಖು ಬರೆಸಿ ಸಹಿ ಹಾಕಿಸಿಕೊಳ್ಳುವುದು ಇಬ್ಬರಿಗೂ ಕ್ಷೇಮ. ಅಪರಿಚಿತರು ಬೀದಿಯಲ್ಲಿ ‘ನಮ್ಮಜ್ಜಿಯದು’ ಎಂದು ತಂದು ಮಾರುವ ಒಂಟಿ ವಿಗ್ರಹ, ಒಂಟಿ ದೀಪಗಳ ಹತ್ತಿರ ಹೋಗಲೇಬಾರದು. ಕಳವಿನ ಮಾಲೆಂದು ತಿಳಿದೂ ಕೊಳ್ಳುವುದು ಅಪರಾಧ.

ಜೇಬಿನಲ್ಲಿ ಏನಿರಬೇಕು?

ಒಂದು ಆಯಸ್ಕಾಂತ, ಅಳತೆ ಟೇಪು, ಟಾರ್ಚು, ಗಟ್ಟಿ ದಾರ, ಅಡುಗೆಮನೆಯ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ. ಹಳೆಯ ಸ್ಪೀಕರಿನೊಳಗಿನ ಆಯಸ್ಕಾಂತವಾದರೂ ನಡೆಯುತ್ತದೆ. ಸಂಡೂರು ಸೀಮೆಯಲ್ಲಿ ಒಂದು ಎಚ್ಚರ: ಇಲ್ಲಿಯ ಮಣ್ಣಿನಲ್ಲೇ ಕಬ್ಬಿಣದ ಅದಿರಿದೆ. ಆಯಸ್ಕಾಂತವನ್ನು ಅಂಗಳದಲ್ಲಿ ಇಟ್ಟರೆ ಕರಿಪುಡಿ ಮೆತ್ತಿಕೊಳ್ಳುತ್ತದೆ. ಆಯಸ್ಕಾಂತವನ್ನೂ ಪಾತ್ರೆಯನ್ನೂ ಬಟ್ಟೆಯಿಂದ ಒರೆಸಿಯೇ ಪರೀಕ್ಷೆ ಮಾಡಬೇಕು. ಇಲ್ಲವಾದರೆ ಅಪ್ಪಟ ತಾಮ್ರದ ಮೇಲೂ ಅನುಮಾನ ಬಂದೀತು!

ತಾಮ್ರ, ಹಿತ್ತಾಳೆ, ಕಂಚು, ಬೆಳ್ಳಿ, ಅಲ್ಯುಮಿನಿಯಂ ಯಾವುದೂ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಹಿತ್ತಾಳೆಯೆಂದು ತೋರಿಸಿದ ದೀಪದ ಕಂಬ ಅಂಟಿತೆಂದರೆ ಒಳಗೆ ಕಬ್ಬಿಣವಿದೆ, ಮೇಲೆ ಲೇಪವಷ್ಟೇ. ಅಂಟಲಿಲ್ಲವೆಂದರೆ ಅದು ಹಿತ್ತಾಳೆಯೇ ಎಂದು ಹೇಳುವಂತಿಲ್ಲ. ಸತುವಿನ ಎರಕಕ್ಕೆ ಬಣ್ಣ ಹೊಡೆದದ್ದೂ ಅಂಟುವುದಿಲ್ಲ. ಇಲ್ಲಿಂದ ಮುಂದೆ ಬೇಕಾದದ್ದು 9ನೇ ತರಗತಿಯ ಆರ್ಕಿಮಿಡೀಸ್ ತತ್ವ.

ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಮರೆಯುವ ಈ ತತ್ವ ಪಡಸಾಲೆಯಲ್ಲಿ ಹೇಗೆ ಕೆಲಸ ಮಾಡುತ್ತದೆ ನೋಡಿ. ವಸ್ತುವನ್ನು ಮೊದಲು ತಕ್ಕಡಿಯ ಮೇಲೆ ತೂಗಿ. ಒಂದು ಬೆಳ್ಳಿ ತಟ್ಟೆ ಎನ್ನಿ, 420 ಗ್ರಾಂ ತೂಗಿತು. ಈಗ ಅದು ಮುಳುಗುವಷ್ಟು ದೊಡ್ಡ ಬೋಗುಣಿಯಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಡಿ, ತಕ್ಕಡಿಯನ್ನು ಸೊನ್ನೆಗೆ ತನ್ನಿ. ತಟ್ಟೆಗೆ ದಾರ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳವನ್ನೂ ಪಕ್ಕವನ್ನೂ ಮುಟ್ಟದಂತೆ ಕೈಯಲ್ಲಿ ಹಿಡಿದು ಇಳಿಬಿಡಿ. ತಕ್ಕಡಿ ತೋರಿಸುವ ಅಂಕಿ ಎಷ್ಟು ಗ್ರಾಮೋ ವಸ್ತುವಿನ ಗಾತ್ರ ಅಷ್ಟು ಘನ ಸೆಂಟಿಮೀಟರು. 40 ಬಂದರೆ 420ನ್ನು 40ರಿಂದ ಭಾಗಿಸಿ: 10.5. ಬೆಳ್ಳಿಯ ಸಾಂದ್ರತೆ ಅದೇ. 48 ಬಂತೆಂದರೆ ಭಾಗಲಬ್ಧ 8.75, ಅದು ಜರ್ಮನ್ ಸಿಲ್ವರ್ ಇರಬಹುದು. ಹೆಸರಲ್ಲಿ ಬೆಳ್ಳಿಯಿದ್ದರೂ ಅದರಲ್ಲಿ ಬೆಳ್ಳಿ ಒಂದು ಗುಲಗಂಜಿಯಷ್ಟೂ ಇಲ್ಲ, ಇರುವುದು ತಾಮ್ರ, ನಿಕ್ಕೆಲ್, ಸತು. ಇಂಥ ತಟ್ಟೆಗಳನ್ನು ಮಾರುವವರೂ ಬೆಳ್ಳಿಯೆಂದೇ ನಂಬಿರುತ್ತಾರೆ, ಮೋಸದ ಉದ್ದೇಶ ಇರಬೇಕೆಂದೇನೂ ಇಲ್ಲ.

ನೆನಪಿಡಬೇಕಾದ ಅಂಕಿಗಳು ಕೆಲವೇ. ತಾಮ್ರ 8.9ರ ಹತ್ತಿರ, ಹಿತ್ತಾಳೆ 8.4ರಿಂದ 8.7, ಕಬ್ಬಿಣ 7.9, ಸತು 7.1, ಅಲ್ಯುಮಿನಿಯಂ 2.7, ಸೀಸ 11.3, ಚಿನ್ನ 19.3. ಹಿತ್ತಾಳೆ, ಜರ್ಮನ್ ಸಿಲ್ವರ್, ಕಂಚುಗಳ ಸಾಂದ್ರತೆಗಳು ಒಂದಕ್ಕೊಂದು ತೀರ ಸಮೀಪ, ಆದ್ದರಿಂದ ಬಣ್ಣವನ್ನೂ ದನಿಯನ್ನೂ ಜೊತೆಗೆ ನೋಡಬೇಕು. ಒಳಗೆ ಟೊಳ್ಳಾದ, ಅರಗು ತುಂಬಿದ ವಸ್ತುಗಳಲ್ಲಿ ಈ ಲೆಕ್ಕ ಕೈಕೊಡುತ್ತದೆ. ಬೀದರಿನ ಬಿದ್ರಿ ಹೂಜಿ ಕೈಗೆ ಸಿಕ್ಕಿ 7ರ ಆಸುಪಾಸು ಬಂದರೆ ಗಾಬರಿ ಬೇಡ. ಬಿದ್ರಿ ಬಹುಪಾಲು ಸತುವೇ. ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪಾಗಿಸುತ್ತಾರೆ.

ಕಂಚನ್ನು ಕಿವಿಯಿಂದ ಗುರುತಿಸಬಹುದು. ಗಂಗಾಳವನ್ನು ಬೆರಳ ತುದಿಯಲ್ಲಿ ಹಿಡಿದು ಗಿಣ್ಣಿನಿಂದ ತಟ್ಟಿದರೆ ದನಿ ಗಂಟೆಯಂತೆ ಬಹಳ ಹೊತ್ತು ನಿಲ್ಲುತ್ತದೆ. ಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ ಸೇರಿದಾಗ ಬರುವ ಗುಣ ಅದು, ದೇವಸ್ಥಾನದ ಗಂಟೆಯ ಲೋಹವೂ ಇದೇ. ದನಿ ‘ಥಡ್’ ಎಂದು ಸತ್ತರೆ ಎಲ್ಲೋ ಕೂದಲೆಳೆಯ ಬಿರುಕಿದೆ. ಕಂಚು ಬೆಸುಗೆಗೆ ಸುಲಭವಾಗಿ ಬಗ್ಗದ ಲೋಹ, ಬಿರುಕಿನ ಗಂಗಾಳವನ್ನು ಅಲ್ಲೇ ಬಿಡುವುದು ಲೇಸು.

ಅಡುಗೆಮನೆಯ ಪಾತ್ರೆಯಲ್ಲಿ ಲೋಹ ಯಾವುದು ಎಂಬುದರ ಜೊತೆಗೆ ಒಳಮೈ ಹೇಗಿದೆ ಎಂಬುದೂ ನೋಡಬೇಕಾದ ಸಂಗತಿ. ತಾಮ್ರ ಹಿತ್ತಾಳೆಗಳಲ್ಲಿ ಹುಳಿ ಪದಾರ್ಥ ಇಟ್ಟರೆ ತಾಮ್ರ ಕರಗಿ ಕಿಲುಬಾಗುತ್ತದೆ, ಸಾರು ಕಹಿಯಾಗುತ್ತದೆ, ಹೊಟ್ಟೆ ಕೆಡುತ್ತದೆ. ಹಿಂದಿನವರು ಕಲಾಯಿ ಮಾಡಿಸುತ್ತಿದ್ದದ್ದು ಇದಕ್ಕೇ. ನವಸಾಗರದಿಂದ ಮೈ ಶುದ್ಧ ಮಾಡಿ, ಕಾಯಿಸಿ, ಕರಗಿದ ತವರವನ್ನು ಬಟ್ಟೆಯಿಂದ ಸವರುತ್ತಿದ್ದರು. ತವರ 232 ಡಿಗ್ರಿಯಲ್ಲೇ ಕರಗುವುದರಿಂದ ಇದ್ದಲ ಒಲೆ ಸಾಕಾಗುತ್ತಿತ್ತು. ತವರ ದುಬಾರಿಯೆಂದು ಸೀಸ ಬೆರೆಸಿದ ಕಲಾಯಿಯೂ ಉಂಟು, ಸೀಸ ಮಕ್ಕಳ ಮಿದುಳಿಗೆ ವಿಷ. ಹಳೆಯ ಕಲಾಯಿ ಯಾವುದರದೆಂದು ಕಣ್ಣಿನಿಂದ ಹೇಳಲಾಗದು. ಆದ್ದರಿಂದ ಹಳೆ ಪಾತ್ರೆಯನ್ನು ಅಡುಗೆಗೆಂದೇ ಕೊಂಡರೆ, ಎದುರಿಗೆ ನಿಂತು ಅಪ್ಪಟ ತವರದಲ್ಲಿ ಹೊಸದಾಗಿ ಕಲಾಯಿ ಮಾಡಿಸುವ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು. ಕಲಾಯಿಯವರು ಈಗ ಅಪರೂಪವಾಗಿದ್ದಾರೆ. ಅದು ಸಾಧ್ಯವಿಲ್ಲದಿದ್ದರೆ ಸ್ನಾನದ ನೀರಿನ ಹಂಡೆಯಾಗಿ, ಧಾನ್ಯದ ಕೊಳಗವಾಗಿ ಬಳಸಬಹುದು.

ಅಕ್ಕಿ ಎಳೆಯುವ ಪಾತ್ರೆ

ತಾಮ್ರದ ಹಳೆ ಪಾತ್ರೆ ಎಂದೊಡನೆ ಕರ್ನಾಟಕದಲ್ಲಿ ಎಚ್ಚರಿಸಲೇಬೇಕಾದ ಮೋಸವೊಂದಿದೆ. ‘ರೈಸ್ ಪುಲ್ಲಿಂಗ್’ ಎಂದು ಇದಕ್ಕೆ ಹೆಸರು. ಸಿಡಿಲು ಹೊಡೆದ ತಾಮ್ರದ ಚೊಂಬು, ಅದರಲ್ಲಿ ಇರಿಡಿಯಂ ಇದೆ, ಅಕ್ಕಿಯನ್ನು ತನ್ನತ್ತ ಎಳೆಯುತ್ತದೆ, ಬಾಹ್ಯಾಕಾಶ ಸಂಸ್ಥೆಗಳು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತವೆ ಎಂದು ನಂಬಿಸಿ ‘ಪರೀಕ್ಷೆಯ ಖರ್ಚಿಗೆ’ ಲಕ್ಷಗಟ್ಟಲೆ ಹಣ ಕೀಳುತ್ತಾರೆ. ಓದಿದವರೂ ಇದರಲ್ಲಿ ಬಿದ್ದಿದ್ದಾರೆ. ಪೊಲೀಸರು ಹಿಡಿದ ಪ್ರಕರಣಗಳಲ್ಲಿ ಗುಟ್ಟು ಬಹಳ ಸರಳವಾಗಿತ್ತು. ಅಕ್ಕಿಗೆ ಕಬ್ಬಿಣದ ಪುಡಿ ಹತ್ತಿಸಿ, ಪಾತ್ರೆಯಲ್ಲಿ ಆಯಸ್ಕಾಂತ ಅಡಗಿಸಿಡುತ್ತಿದ್ದರು.

ಇಂಥ ‘ಪ್ರದರ್ಶನ’ ನಡೆದಾಗ ಮಕ್ಕಳು ಕೇಳಬೇಕಾದದ್ದು ಇಷ್ಟೇ: ‘ನಮ್ಮ ಮನೆ ಅಕ್ಕಿ ತರಲಾ?’ ತಂದ ಅಕ್ಕಿ ಅಲುಗುವುದಿಲ್ಲ. ಒಣ ಹವೆಯಲ್ಲಿ ತಲೆಗೆ ಉಜ್ಜಿದ ಬಾಚಣಿಗೆ ಕಾಗದದ ಚೂರನ್ನೂ ಭತ್ತದ ಹೊಟ್ಟನ್ನೂ ಎಳೆಯುತ್ತದೆ, ಆದರೆ ಬಾಚಣಿಗೆಗೆ ಯಾರೂ ಕೋಟಿ ಕೊಟ್ಟಿಲ್ಲ. ಇದರ ಸೋದರನೇ ‘ಕೆಂಪು ಪಾದರಸ’. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೆಯ ಸಿಂಗರ್ ಹೊಲಿಗೆ ಯಂತ್ರದೊಳಗೆ ಈ ಪಾದರಸವಿದೆ ಎಂಬ ವದಂತಿ ಹಬ್ಬಿ ಜನ ಯಂತ್ರಕ್ಕೆ ಮುಗಿಬಿದ್ದು ಬೆಲೆ ಗಗನಕ್ಕೇರಿತ್ತು. ಅಂಥ ಪಾದರಸ ಎಲ್ಲೂ ಇಲ್ಲ, ಹೊಲಿಗೆ ಯಂತ್ರದಲ್ಲಂತೂ ಇಲ್ಲವೇ ಇಲ್ಲ.

ನಾಣ್ಯದ ಡಬ್ಬಿಯೂ ಹಳೆಮನೆಗಳಲ್ಲಿ ಸಿಗುತ್ತದೆ. ರಾಮಸೀತೆಯರ, ಹನುಮಂತನ ಚಿತ್ರವಿದ್ದು ಇನ್ನೊಂದು ಬದಿ ಈಸ್ಟ್ ಇಂಡಿಯಾ ಕಂಪನಿ, 1818 ಎಂದು ಬರೆದ ತಾಮ್ರದ ಬಿಲ್ಲೆಗೆ ಲಕ್ಷ ರೂಪಾಯಿ ಹೇಳುವವರಿದ್ದಾರೆ. ಕಂಪನಿ ಅಂಥ ನಾಣ್ಯ ಟಂಕಿಸಿಯೇ ಇಲ್ಲ, ಅವು ಯಾತ್ರಾಸ್ಥಳದ ಬಿಲ್ಲೆಗಳು. ಬ್ರಿಟಿಷ್ ಕಾಲದ ನಿಜವಾದ ಬೆಳ್ಳಿ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದನ್ನೇ ಹಿಂದಿನವರು ತೂಕದ ಬೊಟ್ಟಾಗಿ ಬಳಸುತ್ತಿದ್ದರು. 1940ರಿಂದ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕೆಲ್. ಆಯಸ್ಕಾಂತ ಹಿಡಿದರೆ ಟಪ್ಪನೆ ಅಂಟುತ್ತದೆ! ಒಂದು ಮಾತು: ಹಳೆ ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಬಾರದು. ಸಂಗ್ರಾಹಕರಿಗೆ ಬೇಕಾದದ್ದು ಆ ಹಳೆಯ ಮೈಬಣ್ಣವೇ.

ಮರ, ಯಂತ್ರ, ಗಡಿಯಾರ

ಮೇಜು, ಬೀರು, ಮಂಚ ಕೊಳ್ಳುವವರು ಮುಂಭಾಗ ನೋಡಿ ಮರುಳಾಗುತ್ತಾರೆ. ನೋಡಬೇಕಾದದ್ದು ಪಾಲಿಶ್ ಕಾಣದ ಕಡೆ. ಖಾನೆಯನ್ನು ಪೂರ್ತಿ ಎಳೆದು ಅದರ ತಳ ನೋಡಬೇಕು, ಮೇಜನ್ನು ತಲೆಕೆಳಗು ಮಾಡಬೇಕು. ಸಾಗುವಾನಿಯ ಎಳೆ ಅಲ್ಲಿ ನಿಜ ಹೇಳುತ್ತದೆ, ಪ್ಲೈವುಡ್ಡಿನ ಪದರಗಳು ಅಂಚಿನಲ್ಲಿ ಎಣಿಸಲು ಸಿಗುತ್ತವೆ. ಸಣ್ಣ ತೂತುಗಳಿದ್ದರೆ ಕೆಳಗೆ ಕಪ್ಪು ಬಟ್ಟೆ ಹಾಸಿ ಮರವನ್ನು ತಟ್ಟಬೇಕು. ಬಿಳಿ ಹಿಟ್ಟು ಉದುರಿದರೆ ಕೊರೆಹುಳು ಇನ್ನೂ ಬದುಕಿದೆ, ಅದು ನಿಮ್ಮ ಮನೆಗೂ ಬರುತ್ತದೆ. ನಾಣ್ಯದಿಂದ ಬಡಿದಾಗ ಡೊಳ್ಳು ದನಿ ಬಂದರೆ ಒಳಗೆ ಗೆದ್ದಲು ತಿಂದಿದೆ. ಹಳೆಯ ಬಣ್ಣ ಬಳಿದ ತೊಟ್ಟಿಲು, ಆಟಿಕೆಗಳನ್ನು ಹಾಗೆಯೇ ಮಗುವಿಗೆ ಕೊಡಬಾರದು. ಹಿಂದಿನ ಬಣ್ಣಗಳಲ್ಲಿ ಸೀಸ ಧಾರಾಳವಾಗಿತ್ತು, ನಮ್ಮ ದೇಶದಲ್ಲಿ ಅದಕ್ಕೆ ಬಿಗಿಯಾದ ಮಿತಿ ಬಂದದ್ದು 2017ರಿಂದ ಈಚೆಗೆ. ಮತ್ತೆ ಟೇಪು ಮರೆಯಬೇಡಿ. ಕೆತ್ತನೆಯ ಬಾಗಿಲುವಾಡ ಕೊಂಡು ತಂದು, ಹೊಸ ಮನೆಯಲ್ಲಿ ದಿನವೂ ತಲೆ ತಗ್ಗಿಸಿ ನಡೆಯುವವರಿದ್ದಾರೆ!

ಕೆಡವುವ ಮನೆಯ ಮರವನ್ನು ಸೌದೆಯೆಂದು ನೋಡದ ಒಬ್ಬರನ್ನು ಇಲ್ಲಿ ನೆನೆಯಬೇಕು. ಮಣಿಪಾಲದ ವಿಜಯನಾಥ ಶೆಣೈ ಬ್ಯಾಂಕ್ ನೌಕರರಾಗಿದ್ದವರು. ಹಳೆಯ ಮನೆಗಳು ಕೆಡವಲ್ಪಡುತ್ತಿದ್ದ ಕಾಲದಲ್ಲಿ ಕಂಬ, ತೊಲೆ, ಬಾಗಿಲುಗಳನ್ನು, ಕೊನೆಗೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು. ಅವರು ಕಟ್ಟಿದ ಪರಂಪರೆ ಗ್ರಾಮದಲ್ಲಿ ಹಂಪಿಗೆ ದೂರವಲ್ಲದ ಕುಕನೂರಿನ ಕಮಲ ಮಹಲೂ ಇದೆ. ಶೆಣೈ 2017ರಲ್ಲಿ ತೀರಿಕೊಂಡರು. ಬಳ್ಳಾರಿ ಸೀಮೆಯಲ್ಲಿ ಅಂಥ ಕೆಲಸ ಆ ಪ್ರಮಾಣದಲ್ಲಿ ಆಗಲಿಲ್ಲ ಎಂಬುದು ಕೊರಗಿನ ಮಾತೇ. 2000ದ ದಶಕದಲ್ಲಿ ಅದಿರಿನ ಬೆಲೆ ಏರಿ ಕೈಯಲ್ಲಿ ಹಣ ಓಡಾಡಿದಾಗ ಕಾಂಕ್ರೀಟಿನ ಆಸೆಗೆ ಮಾಳಿಗೆ ಮನೆಗಳು ಬಿದ್ದವು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಹಣ ನಿಂತಿತು, ಬಿದ್ದ ಮನೆ ಮಾತ್ರ ಏಳಲಿಲ್ಲ.

ಹೊಲಿಗೆ ಯಂತ್ರ ಹಳೆಮನೆಯ ಅತ್ಯುತ್ತಮ ಖರೀದಿ. ಎರಕದ ಕಬ್ಬಿಣದ ಹಳೆಯ ಯಂತ್ರಗಳು ಎಣ್ಣೆ ಬಿಟ್ಟರೆ ಎರಡು ತಲೆಮಾರು ನಡೆಯುತ್ತವೆ. ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ ಎಲ್ಲಿಯಾದರೂ ಕಚ್ಚುತ್ತದೆಯೇ ನೋಡಿ, ದಾರ ಪೋಣಿಸಿ ಎರಡು ಮಡಿಕೆ ಬಟ್ಟೆಯ ಮೇಲೆ ಒಂದು ಸಾಲು ಹೊಲಿದು ನೋಡಿ. ವಿದ್ಯುತ್ ಉಪಕರಣಗಳ ಬಗ್ಗೆ ಹೇಳುವುದು ಕಡಿಮೆ: ಬಟ್ಟೆ ಸುತ್ತಿದ ತಂತಿಯ, ಎರಡೇ ಪಿನ್ನಿನ ಇಸ್ತ್ರಿಪೆಟ್ಟಿಗೆ, ಹೀಟರುಗಳನ್ನು ಪುಕ್ಕಟೆ ಕೊಟ್ಟರೂ ಬೇಡ. ಪ್ರೆಶರ್ ಕುಕ್ಕರಿಗೂ ಅದೇ ಮಾತು.

ಕೈಗಡಿಯಾರಗಳಲ್ಲಿ ಎಚ್‌ಎಂಟಿ ಈಗ ವಿಚಿತ್ರ ಸ್ಥಿತಿಯಲ್ಲಿದೆ. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಾರ್ಖಾನೆಯ ಗಡಿಯಾರ ಅಂದಿನ ಮದುವೆಗಳಲ್ಲಿ ಅಳಿಯನ ಕೈಗೆ ಬೀಳಲೇಬೇಕಿತ್ತು. ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು, ಆಮೇಲೆ ಸಂಗ್ರಾಹಕರ ಪೈಪೋಟಿ ಶುರುವಾಯಿತು. ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ‘ಹಳೆಯ’ ಎಚ್‌ಎಂಟಿಗಳು ಬೇರೆಬೇರೆ ಗಡಿಯಾರದ ಬಿಡಿಭಾಗ ಸೇರಿಸಿ, ಮುಖಕ್ಕೆ ಹೊಸ ಬಣ್ಣ ಬಳಿದವು. ತಾತನ ಪೆಟ್ಟಿಗೆಯಿಂದ ನೇರ ಬಂದ, ಮಾಸಿದ ಮುಖದ ಗಡಿಯಾರ ಅದಕ್ಕಿಂತ ಮೇಲು. ಕೀ ಕೊಟ್ಟು, ಒಂದು ದಿನ ಇಟ್ಟು, ರೇಡಿಯೋ ವೇಳೆಯ ಜೊತೆ ಹೋಲಿಸಿ ನೋಡಬಹುದು.

ಮುಟ್ಟಬಾರದವು

ಹಂಪಿಯ ಸುತ್ತಲಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲು ಮಗುಚಿದರೆ ಮತ್ತೊಂದು ಬದಿ ಶಿಲ್ಪವಿರಬಹುದು. 1972ರಲ್ಲಿ ಆಗಿ 1976ರಿಂದ ಜಾರಿಯಲ್ಲಿರುವ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ವಿಗ್ರಹ, ಶಿಲ್ಪ, ಚಿತ್ರ, ನಾಣ್ಯಗಳು ಪುರಾತನ ವಸ್ತುಗಳು. ಸಾಹಿತ್ಯಿಕ, ಚಾರಿತ್ರಿಕ ಮೌಲ್ಯದ ಹಸ್ತಪ್ರತಿಗೆ ಎಪ್ಪತ್ತೈದು ವರ್ಷ ಸಾಕು. ಇವುಗಳ ವ್ಯಾಪಾರ ಮಾಡಲು ಪರವಾನಗಿ ಬೇಕು, ವಿಗ್ರಹದಂಥ ವಸ್ತುಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ದಿನಬಳಕೆಯ ಹಂಡೆ ಕೊಡಗಳಿಗೆ ನೋಂದಣಿಯ ಗೊಡವೆ ಸಾಮಾನ್ಯವಾಗಿ ಇಲ್ಲ. ಗೋಡೆ ಕೆಡವುವಾಗ, ಹಗೇವು ಅಗೆಯುವಾಗ ಹೂತ ನಾಣ್ಯ ಸಿಕ್ಕರೆ ಅದು ಮನೆ ಕೊಂಡವರದೂ ಅಲ್ಲ, ಕೂಲಿಯವರದೂ ಅಲ್ಲ. ನಿಧಿಯ ಕಾನೂನಿನಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಜಿಂಕೆಯ ಕೊಂಬು, ಹುಲಿಯುಗುರು, ಆನೆದಂತದ ಪೆಟ್ಟಿಗೆಗಳನ್ನು ಎಷ್ಟೇ ಹಳೆಯದೆಂದರೂ ಕೊಳ್ಳುವಂತಿಲ್ಲ, ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ.

ಬೆಲೆ ಹೇಗೆ?

‘ಎಷ್ಟಕ್ಕೆ ಕೊಡ್ತೀಯಮ್ಮಾ ಇದನ್ನ?’ ಎಂದರೆ ಬರುವ ಉತ್ತರ, ‘ನೀನೇ ಹೇಳಪ್ಪಾ, ನಮಗೇನು ಗೊತ್ತಾಗ್ತದೆ!’ ಚೌಕಾಸಿಯ ಕಷ್ಟವೆಲ್ಲ ಇಲ್ಲಿದೆ. ಅಂಗಡಿಯಲ್ಲಿ ಮಾರುವವನಿಗೆ ಹೆಚ್ಚು ಗೊತ್ತು, ಹಳೆಮನೆಯಲ್ಲಿ ಕೊಳ್ಳುವವನಿಗೆ. ಆಯಸ್ಕಾಂತ, ತಕ್ಕಡಿ ಹಿಡಿದು ಹೋದ ಹುಡುಗನಿಗಂತೂ ಮನೆಯವರಿಗಿಂತ ಖಂಡಿತ ಹೆಚ್ಚು ಗೊತ್ತಾಗಿರುತ್ತದೆ. ಬೆಳ್ಳಿಯೆಂದು ತಿಳಿದೂ ‘ಜರ್ಮನ್ ಸಿಲ್ವರ್ ಇರಬೇಕು ಬಿಡಮ್ಮಾ’ ಎಂದು ಕೊಂಡು ಬರುವುದು ಜಾಣತನವೆಂದು ಬೀಗುವವರಿದ್ದಾರೆ. ಅದಕ್ಕೆ ಕನ್ನಡದಲ್ಲಿ ಬೇರೆ ಹೆಸರಿದೆ. ಲೆಕ್ಕ ಮಾಡಿದ್ದನ್ನು ಮನೆಯವರ ಎದುರಿಗೇ ಮಾಡಿ ತೋರಿಸಿ, ಅಂದಿನ ಲೋಹದ ದರಕ್ಕೆ ಗುಜರಿಯವನು ಕೊಡುವುದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟರೂ ಹೊಸ ಪಾತ್ರೆಯ ಅಂಗಡಿ ಬೆಲೆಗಿಂತ ಬಹಳ ಕಡಿಮೆಗೆ ಬರುತ್ತದೆ. ಇಬ್ಬರಿಗೂ ದಕ್ಕುವ ಜಾಗ ಈ ಎರಡು ಬೆಲೆಗಳ ನಡುವೆ ಸಾಕಷ್ಟಿದೆ.

ಬೀರು, ಟ್ರಂಕು, ಮೇಜು ಕೊಂಡಾಗ ಅದರೊಳಗಿನದನ್ನು ಕೊಂಡಂತಾಗುವುದಿಲ್ಲ. ಗಾಡಿಗೆ ಏರಿಸುವ ಮೊದಲು ಮನೆಯವರ ಎದುರಿಗೇ ಖಾನೆಗಳನ್ನು ಹೊರಗೆಳೆದು, ಹಾಸಿದ ಹಳೆ ಪತ್ರಿಕೆ ಎತ್ತಿ ನೋಡಬೇಕು. ಅಂಚೆ ಕಚೇರಿಯ ಪಾಸ್‌ಪುಸ್ತಕ, ವಿಮಾ ಪಾಲಿಸಿ, ಪಾಲುಪತ್ರ, ಕಂಪನಿಯ ಷೇರಿನ ಕಾಗದಗಳು ಇರುವುದು ಅಲ್ಲೇ. ವಾರಸುದಾರರು ಅರ್ಜಿ ಹಾಕಿದರೆ ಹತ್ತಾರು ವರ್ಷದ ಹಳೆಯ ಷೇರಿನ ಹಣವೂ ಇಂದು ವಾಪಸು ಬರುವ ವ್ಯವಸ್ಥೆಯಿದೆ. ಗುಜರಿಯ ಚೀಲಕ್ಕೆ ಹೋದ ಮೇಲೆ ಯಾವ ಅರ್ಜಿಯೂ ಇಲ್ಲ.

ಪುಸ್ತಕಗಳ ರಾಶಿಯನ್ನು ಕೊನೆಗೆ ಇಟ್ಟುಕೊಳ್ಳುವುದು ಎಲ್ಲರ ರೂಢಿ, ಮೊದಲು ನೋಡಬೇಕಾದದ್ದು ಅದನ್ನೇ. ಪಠ್ಯಪುಸ್ತಕವಾದರೆ ಆವೃತ್ತಿಯ ವರ್ಷ ನೋಡಬೇಕು, ಪಠ್ಯಕ್ರಮ ಬದಲಾಗಿದ್ದರೆ ಕೊಂಡು ಫಲವಿಲ್ಲ. ಗಣಿತ, ವ್ಯಾಕರಣ, ನಿಘಂಟುಗಳಿಗೆ ಆ ದೋಷವಿಲ್ಲ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನ ಪ್ರತಿ ರದ್ದಿಯ ತಕ್ಕಡಿಯಲ್ಲಿ ಕಂಡರೂ ಕಾಣಬಹುದು.

ಪುಸ್ತಕದ ರಾಶಿಯ ಕೆಳಗೆ, ಇಲ್ಲವೇ ಜಗಲಿಯ ಮೇಲೆ ದೇವರ ಜೊತೆಗೆ, ಬಟ್ಟೆಯಲ್ಲಿ ಕಟ್ಟಿಟ್ಟ ತಾಳೆಗರಿಯ ಕಟ್ಟೋ, ಕಪ್ಪು ಅರಿವೆಯ ಕಡತವೋ ಇದ್ದರೆ ಅಲ್ಲಿಗೆ ಕೊಳ್ಳುವ ಮಾತು ನಿಲ್ಲಬೇಕು. ಒಂದೊಂದು ಕಟ್ಟಿನಲ್ಲಿ ಏನಿದೆಯೋ ಹೇಳಲಾಗದು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಇಂಥ ಒಂದು ಕಟ್ಟಿನಲ್ಲೇ 1905ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಕಂಡದ್ದು, 1909ರಲ್ಲಿ ಅದು ಅಚ್ಚಾದದ್ದು. ಬಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠ ಅಲೆದು ತಾಳೆಗರಿ ಕೂಡಿಸದಿದ್ದರೆ 1923ರ ‘ವಚನಶಾಸ್ತ್ರಸಾರ’ ಹೊರಬರುತ್ತಿರಲಿಲ್ಲ. ವಚನಗಳನ್ನು ಅಚ್ಚು ಮಾಡಲು ಅವರು ತಮ್ಮ ಸ್ವಂತ ಮನೆಯನ್ನೇ ಮಾರಿ ಮುದ್ರಣಾಲಯ ಹಾಕಿದರು.

ಬಂಡ್ರಿಯವರು ಇದಕ್ಕಾಗಿ ಮೈಸೂರಿಗೂ ಹೋಗಬೇಕಿಲ್ಲ, ವಿಜಯಪುರಕ್ಕೂ ಹೋಗಬೇಕಿಲ್ಲ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆಂದೇ ವಿಭಾಗವಿದೆ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ತಿರುಗಿ ಬರಬಹುದು. ಮನೆಯವರನ್ನು ಒಪ್ಪಿಸಿ, ಸಾಧ್ಯವಾದರೆ ಅವರಲ್ಲೊಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು. ಕಟ್ಟನ್ನು ಬಿಸಿಲಿಗೆ ಹಾಕಬಾರದು, ಒದ್ದೆ ಬಟ್ಟೆಯಿಂದ ಒರೆಸಬಾರದು, ಅಂಟಿಕೊಂಡ ಗರಿಗಳನ್ನು ಉಗುರಿನಿಂದ ಎಬ್ಬಿಸಬಾರದು, ದಾರ ಬಿಚ್ಚಿ ಗರಿಗಳ ಕ್ರಮ ತಪ್ಪಿಸಬಾರದು. ಎರಡು ಕಡೆ ರಟ್ಟು ಇಟ್ಟು, ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಯಾರ ಮನೆಯದು, ಯಾವ ಊರಿನದು ಎಂದು ಒಂದು ಚೀಟಿ ಬರೆದು ಮೇಲೆ ಕಟ್ಟಿಕೊಂಡು ಹೊರಡಬೇಕು.